ಕೆಂಪು ಕುದುರೆಯ ನಡಿಗೆ

ಕುದುರೆ ಕೊಳ್ಳಹೊರಟವರು ಅವಸರಪಡಬಾರದು. ನೋಡುವ ಸುಖವೇ ಕೈತಪ್ಪಿಹೋಗುತ್ತದೆ. ನಾನಿರುವ ಜರ್ಮನಿಯ ಲೋವರ್ ಸ್ಯಾಕ್ಸನಿಯಲ್ಲಿ ಆ ಸುಖಕ್ಕೆ ಬರವಿಲ್ಲ. ಇಲ್ಲಿನ ಸೆಲ್ಲೆ ಪಟ್ಟಣದಲ್ಲಿ ಹ್ಯಾನೊವರ್‌ನ ದೊರೆ ಎರಡನೆಯ ಜಾರ್ಜ್ 1735ರಲ್ಲಿ ಕಟ್ಟಿಸಿದ ತಳಿಕುದುರೆಗಳ ಲಾಯ ಇಂದಿಗೂ ನಡೆಯುತ್ತಿದೆ. ಹೊಲಕ್ಕೆ, ಬಂಡಿಗೆ, ದಂಡಿಗೆ ಬೆಳೆಸಿದ ಹ್ಯಾನೊವೇರಿಯನ್ ತಳಿಯೇ ಮುಂದೆ ಡ್ರೆಸಾಜ್ ಎಂಬ ಸವಾರಿ ಸ್ಪರ್ಧೆಯ ಅಂಗಳದ ಕಣ್ಮಣಿಯಾಯಿತು. ವೆರ್ಡೆನ್ ಊರಿನ ಹರಾಜು ಹೆಸರುವಾಸಿ. ನಾನು ಮಾತ್ರ ಹಳ್ಳಿಯ ಲಾಯಗಳನ್ನು ಸುತ್ತಿದೆ. ಹರಾಜಿನಲ್ಲಿ ಸುತ್ತಿಗೆ ಬೀಳುವಷ್ಟರಲ್ಲಿ ಮನಸ್ಸು ಮಾಡಬೇಕು. ಲಾಯದಲ್ಲಾದರೆ ಮತ್ತೆ ಮತ್ತೆ ಹೋಗಿ ನಿಲ್ಲಬಹುದು.

ಕೆಂಪಿನ ಮೋಹ ನನಗೆ ಹಳೆಯದು. ಬೇ ಕುದುರೆಯ ಮೈ ಕಂದಾದರೂ ಜೂಲು, ಬಾಲ ಕಪ್ಪು. ಚೆಸ್ಟ್‌ನಟ್ ಎಂಬ ಕೆಂಪು ಕುದುರೆಗೆ ಕಪ್ಪು ಜೂಲೂ ಇಲ್ಲ, ಕಪ್ಪು ಬಾಲವೂ ಇಲ್ಲ. ತಂದೆ ತಾಯಿ ಎರಡೂ ಚೆಸ್ಟ್‌ನಟ್ ಆದರೆ ಮರಿಯೂ ಅದೇ ಬಣ್ಣ. ಡ್ರೆಸಾಜ್ ಸವಾರೆ ಇಸಾಬೆಲ್ ವೆರ್ತ್ ಅವರ ಜೀಗೊಲೊ ಇಂಥದೇ ಹ್ಯಾನೊವೇರಿಯನ್. 1992ರಿಂದ 2000ದವರೆಗಿನ ಮೂರು ಒಲಿಂಪಿಕ್ಸ್‌ಗಳಲ್ಲಿ ಅವರಿಗೆ ನಾಲ್ಕು ಚಿನ್ನ ತಂದುಕೊಟ್ಟಿತು. ಕೆಂಪು ಹೆಣ್ಣುಕುದುರೆ ಮುಂಗೋಪಿ ಎಂಬ ಮಾತು ಸವಾರರಲ್ಲಿ ಹಬ್ಬಿದೆ. ನಾನು ಮೆಚ್ಚಿದ್ದೂ ಕೆಂಪು ಹೆಣ್ಣುಕುದುರೆಯನ್ನೇ. ನನಗೆ ಕಂಡದ್ದು ಅವಳ ಎಚ್ಚರ: ಸವಾರನ ಕಾಲು ತಾಕುವ ಮೊದಲೇ ಕಿವಿ ಹಿಂದಕ್ಕೆ ತಿರುಗಿರುತ್ತದೆ.

ಲಾಯಕ್ಕೆ ಹೋದೊಡನೆ ಕಾಲು ಮುಟ್ಟಿ ನೋಡಬೇಕು. ಮೊಣಕಾಲಿನ ಕೆಳಗೆ ಬೆರಳಾಡಿಸಿದರೆ ಸ್ನಾಯುರಜ್ಜು ಬಿಗಿಯಾಗಿ, ತಣ್ಣಗೆ ಇರಬೇಕು. ಬಿಸಿ ತಾಕಿದರೆ ಒಳಗೆ ಊತವೋ ನೋವೋ ಇರಬಹುದು. ಆಮೇಲೆ ಗಟ್ಟಿ ನೆಲದ ಮೇಲೆ ಟ್ರಾಟ್ ಎಂಬ ಎರಡು ಸದ್ದಿನ ಓಟ ಓಡಿಸಿ ಕಿವಿಗೊಡಬೇಕು. ಎರಡು ಸದ್ದೂ ಸಮನಾಗಿದ್ದರೆ ಕುಂಟಿರುವ ಸಂಭವ ಕಡಿಮೆ.

ಮಾರುವವರಿಗೆ ಟ್ರಾಟ್ ತೋರಿಸುವ ಉಮೇದು. ನನ್ನ ಕಣ್ಣೆಲ್ಲ ವಾಕ್, ಅಂದರೆ ನಿಧಾನ ನಡಿಗೆಯ ಮೇಲೆ. ಟ್ರಾಟನ್ನು ಅಭ್ಯಾಸದಿಂದ ಎಷ್ಟೋ ತಿದ್ದಬಹುದು. ವಾಕ್ ಬಹುಮಟ್ಟಿಗೆ ಹುಟ್ಟಿನಿಂದಲೇ ಬರುವುದು, ಅವಸರದ ಸವಾರನ ಕೈಯಲ್ಲಿ ಸುಲಭವಾಗಿ ಕೆಡುವುದು. ಒಂದೇ ಬದಿಯ ಎರಡು ಕಾಲು ಒಟ್ಟಿಗೆ ಎದ್ದರೆ ತಾಳ ಹೋಯಿತು. ಇವಳು ಮರಳಿನ ಮೇಲೆ ನಡೆದುಬಂದಳು. ಹಿಂಗೊರಸು ಮುಂಗೊರಸಿನ ಗುರುತನ್ನು ದಾಟಿ ಬೀಳುತ್ತಿತ್ತು. ನುರಿತ ಕೈ ತಂಬೂರಿಯ ನಾಲ್ಕು ತಂತಿ ಮೀಟಿದಂತೆ ನಾಲ್ಕು ಹೆಜ್ಜೆ, ನಾಲ್ಕು ಸದ್ದು, ನಡುವೆ ಎಲ್ಲೂ ತುಂಡಿಲ್ಲ.

ಮಾಲೀಕರ ಕಡೆಯವರು ಮೊದಲು ಹತ್ತಿ ತೋರಿಸಿದರು, ಬಳಿಕ ನಾನು ಏರಿದೆ. 20 ಮೀಟರ್ ಅಗಲ, 60 ಮೀಟರ್ ಉದ್ದದ ಅಂಗಳವನ್ನು ಸುತ್ತಿ ಲಗಾಮು ಸಡಿಲಿಸಿದೆ. ಅವಳು ಕೈಯ ಜಾಡು ಹಿಡಿದು ಕುತ್ತಿಗೆಯನ್ನು ಮುಂದಕ್ಕೂ ಕೆಳಕ್ಕೂ ಚಾಚಿದಳು; ಜೀನಿನ ಕೆಳಗೆ ಬೆನ್ನು ಮೇಲೆದ್ದಿತು. ಸವಾರನ ಕೈಯನ್ನು ನಂಬಿದ ಕುದುರೆಯಷ್ಟೇ ಹಾಗೆ ಮಾಡುತ್ತದೆ. ಪಶುವೈದ್ಯರು ಕೀಲುಗಳನ್ನು ಮಡಚಿ ಹಿಡಿದು, ಬಿಟ್ಟು ಓಡಿಸಿ, ಎಕ್ಸ್‌ರೇ ತೆಗೆದು ನೋಡಿದ ಮೇಲೆ ವ್ಯಾಪಾರ ಮುಗಿಯಿತು.

ಜರ್ಮನ್ ಶಿಕ್ಷಣಕ್ರಮದ ಆರು ಮೆಟ್ಟಿಲುಗಳಲ್ಲಿ ಮೊದಲನೆಯದು ತಾಳ. ಕೊನೆಯದು, ಕುದುರೆ ಮೈಯನ್ನು ಒಟ್ಟುಗೂಡಿಸಿಕೊಂಡು ಹಿಂಗಾಲುಗಳ ಮೇಲೆ ಭಾರ ಹೊರುವುದು; ಅದಕ್ಕೆ ವರ್ಷಗಳೇ ಬೇಕು. ತಾಳವನ್ನು ಇವಳು ತಾನೇ ತಂದಿದ್ದಾಳೆ. ಅದನ್ನು ಕೆಡಿಸದೆ ಉಳಿದ ಐದನ್ನೂ ಕಲಿಸುವುದು ನನ್ನ ಪಾಲಿನ ಕೆಲಸ.