ಚಿತ್ರಕಾರನ ಚೆಂಡಾಟ

ಪ್ರತಿದಿನ ಬೆಳಿಗ್ಗೆ, ಕುಂಚ ಹಿಡಿಯುವ ಮೊದಲು, ಫ್ರಾನ್ಸಿನ ಚಿತ್ರಕಾರ ಒಗುಸ್ತ್ ರೆನ್ವಾರ್ ಹತ್ತು ನಿಮಿಷ ಚೆಂಡಾಡುತ್ತಿದ್ದ. ತೊಗಲಿನ ಮೂರು ಪುಟ್ಟ ಚೆಂಡುಗಳನ್ನು ಜಾತ್ರೆಯ ಆಟಗಾರನಂತೆ ಮೇಲೆಸೆದು ಹಿಡಿಯುವುದು. ನೋಡಿದವರಿಗೆ ಅದು ಹುಡುಗಾಟ, ಆತನಿಗೆ ಮದ್ದು. 1841ರಲ್ಲಿ ಜನಿಸಿದ ಆತನನ್ನು ಐವತ್ತರ ಸುಮಾರಿಗೆ ಸಂಧಿವಾತ ಹಿಡಿದಿತ್ತು. ವಯಸ್ಸಿನಿಂದ ಸವೆದ ಮಂಡಿಯ ನೋವಲ್ಲ ಇದು. ಶರೀರದ ರಕ್ಷಣಾಶಕ್ತಿಯೇ ದಾರಿತಪ್ಪಿ ತನ್ನ ಕೀಲುಗಳ ಮೇಲೆ ತಾನೇ ಬೀಳುವ ವ್ಯಾಧಿ. ಅದನ್ನು ಹತೋಟಿಯಲ್ಲಿಡುವ ಇಂದಿನ ಔಷಧಗಳು ಅಂದು ಇರಲಿಲ್ಲ. ಬಿಸಿನೀರಿನ ಬುಗ್ಗೆಗಳ ಸ್ನಾನವನ್ನೂ ಮಾಡಿ ನೋಡಿದ್ದಾಯಿತು.

ಆತನ ಉಪಾಯವನ್ನು ಇಂದಿನ ಭೌತಚಿಕಿತ್ಸೆ ಒಪ್ಪುತ್ತದೆ. ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಸಿದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಮಡಿಸಿ ಬಿಡಿಸಿದಾಗ, ಒತ್ತಿ ಬಿಟ್ಟ ಸ್ಪಂಜಿನಂತೆ, ಸುತ್ತಲಿನ ದ್ರವವನ್ನು ಹೀರಿಯೇ ಅದು ಬದುಕಬೇಕು. ಅಲುಗಾಡದೆ ಕುಳಿತರೆ ಕೀಲು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ. ಸ್ನಾಯು ಹೊರಬೇಕಾದ ಭಾರವೂ ಕೀಲಿನ ಮೇಲೆಯೇ ಬೀಳುತ್ತದೆ. ಕೀಲು ಊದಿ ಬಿಸಿಯಾಗಿರುವಾಗ ವಿಶ್ರಾಂತಿ ಬೇಕು, ನಿಜ. ಆದರೆ ಸವೆದ ಮಂಡಿಯ ಅಜ್ಜಿಯನ್ನು ಏಳಗೊಡದೆ, ಕುಳಿತಲ್ಲಿಗೇ ಕಾಫಿ ತಂದುಕೊಡುವ ಮನೆಮಂದಿಯ ಅಕ್ಕರೆ, ಅಕ್ಕರೆಯೇ ಆದರೂ, ಮಂಡಿಗೆ ಉಪಕಾರವಲ್ಲ.

ಹಾಗಾದರೆ ಚೆಂಡು ರೆನ್ವಾರನ ಕೈಯನ್ನು ಉಳಿಸಿತೆ? ಪೂರ್ತಿಯಾಗಿ ಇಲ್ಲ. ಬೆರಳುಗಳು ಮುರುಟಿ ಚೆಂಡು ಜಾರತೊಡಗಿದಾಗ ಆತ ಸಣ್ಣದೊಂದು ಮರದ ತುಂಡನ್ನು ಎಸೆದು ಹಿಡಿಯತೊಡಗಿದ. ಕಡೆಗೆ ಕುಂಚವನ್ನು ಬೇರೆಯವರು ಬೆರಳಸಂದಿಗೆ ಇಡಬೇಕಾಯಿತು. ಕೈಗೆ ಕುಂಚವನ್ನು ಕಟ್ಟುತ್ತಿದ್ದರೆಂಬ ಪ್ರತೀತಿ ಸರಿಯಲ್ಲ. ಸುತ್ತಿದ ಬಟ್ಟೆ ನವಿರಾದ ಚರ್ಮಕ್ಕೆ ಕಾಪು, ಅಷ್ಟೆ.

ಆತನ ಮಗ ಜ್ಯಾಂ ರೆನ್ವಾರ್, ಬಂಗಾಳಕ್ಕೆ ಬಂದು 1951ರ ‘ದಿ ರಿವರ್’ ಚಿತ್ರವನ್ನು ತೆಗೆದ ನಿರ್ದೇಶಕ, ತಂದೆಯ ಕುರಿತ ತನ್ನ ಪುಸ್ತಕದಲ್ಲಿ ಒಂದು ಪ್ರಸಂಗವನ್ನು ಹೇಳಿದ್ದಾನೆ. 1912ರ ಸುಮಾರಿಗೆ ಗಾಲಿಕುರ್ಚಿ ಹಿಡಿದಿದ್ದ ಮುದುಕನನ್ನು ವೈದ್ಯನೊಬ್ಬ ಕೆಲವು ವಾರ ಹುರಿಗೊಳಿಸಿ ಎಬ್ಬಿಸಿ ನಿಲ್ಲಿಸಿದ. ಮುದುಕ ಚಿತ್ರಫಲಕವನ್ನು ಸುತ್ತಿ ಬಂದು ಕುರ್ಚಿಯಲ್ಲಿ ಕುಳಿತ. ನಡಿಗೆಯನ್ನು ಅಂದೇ ತೊರೆದ. ಅದಕ್ಕೆ ಮನೋಬಲವೆಲ್ಲ ವೆಚ್ಚವಾಗಿ ಚಿತ್ರಕ್ಕೆ ಏನೂ ಉಳಿಯದೆಂಬುದು ಆತನ ಲೆಕ್ಕ.

ಚಿಕಿತ್ಸಕರಿಗೆ ಈ ಲೆಕ್ಕ ಹಿಡಿಸಲಿಕ್ಕಿಲ್ಲ, ಅನುಕರಣೀಯವೂ ಅಲ್ಲ. ಆದರೆ ವ್ಯಾಯಾಮವನ್ನು ದಿನಕ್ಕೆಷ್ಟು ಸಲ ಮಾಡಿದಿರಿ ಎಂದು ಕೇಳುವವರು, ಯಾವ ಕೆಲಸಕ್ಕಾಗಿ ಈ ಕೈಕಾಲು ಬೇಕೆಂದೂ ಕೇಳಿದರೆ ತಪ್ಪೇನು? ಒಬ್ಬಾಕೆಗೆ ಬಾಗಿಲ ಮುಂದಿನ ರಂಗೋಲಿ, ಇನ್ನೊಬ್ಬರಿಗೆ ವೀಣೆ. ರೆನ್ವಾರನಂತೂ 1919ರ ಡಿಸೆಂಬರಿನಲ್ಲಿ ಕಣ್ಮುಚ್ಚುವ ದಿನಗಳವರೆಗೂ ಚಿತ್ರ ಬರೆಯುತ್ತಲೇ ಇದ್ದ.