ಗುಮಾಸ್ತರ ಕೈಗೆ ಬಂದ ಲೆಕ್ಕ

ಪುತ್ತೂರಿನ ಅಡಿಕೆ ಮಂಡಿಯೊಂದಕ್ಕೆ ನಾನು ಬಿಲ್ಲು ತಯಾರಿಸುವ ತಂತ್ರಾಂಶ ಬರೆದುಕೊಟ್ಟಿದ್ದೆ. ಭಾಷೆ ಸಿ ಪ್ಲಸ್ ಪ್ಲಸ್. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟು ಹೀಗೆ ಒಂದೊಂದಕ್ಕೂ ಒಂದೊಂದು ದರ. ಗೋಣಿಯ ತೂಕಕ್ಕೆ ಎಷ್ಟು, ತೇವಕ್ಕೆ ಎಷ್ಟು ಕಳೆಯಬೇಕೆಂಬ ನಿಯಮ ಬೇಸಿಗೆಗೊಂದು, ಮಳೆಗಾಲಕ್ಕೊಂದು. ಬದಲಾದಾಗಲೆಲ್ಲ ಗುಮಾಸ್ತರ ಫೋನು ಬರುತ್ತಿತ್ತು. ನಾನು ಒಂದು ಸಾಲು ತಿದ್ದಿ, ಇಡೀ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಿ, ಪೆನ್ ಡ್ರೈವ್ ಕಿಸೆಗೆ ಹಾಕಿಕೊಂಡು ಮಂಗಳೂರಿನಲ್ಲಿ ಬಸ್ಸು ಹತ್ತಬೇಕು. ಸುಳ್ಳೇಕೆ ಹೇಳಲಿ, ಓಡಾಟ ಬೇಸರ ತಂದಿದ್ದರೂ ಅದರಿಂದ ಬರುತ್ತಿದ್ದ ದುಡ್ಡು ಬೇಸರ ತಂದಿರಲಿಲ್ಲ.

ಕೊನೆಗೆ ಬೆನ್ನುನೋವು ಗೆದ್ದಿತು. ನಿಯಮಗಳನ್ನಷ್ಟೇ ಪ್ರೋಗ್ರಾಮಿನಿಂದ ಹೊರತೆಗೆದು 'ಲುವಾ' ಎಂಬ ಸಣ್ಣ ಭಾಷೆಯಲ್ಲಿ ಬರೆಯಲು ಹೊರಟೆ. ಪೋರ್ಚುಗೀಸ್‌ನಲ್ಲಿ ಲುವಾ ಎಂದರೆ ಚಂದ್ರ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಮೂವರು ಸೇರಿ ಇದನ್ನು ರೂಪಿಸಿದರು. ಅಲ್ಲಿನ ತೈಲ ಕಂಪೆನಿ ಪೆಟ್ರೊಬ್ರಾಸ್‌ನ ಎಂಜಿನಿಯರುಗಳಿಗೆ ಬೇಕಾದ ತಂತ್ರಾಂಶದ ಒಳಗೆ ಕೂರಲೆಂದೇ ಹುಟ್ಟಿದ ಭಾಷೆ ಅದು. ಮುಂದೆ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನಂತಹ ಆಟದೊಳಗೂ ಹೋಗಿ ಕುಳಿತಿತು.

ಕೆಲಸ ನಡೆಯುವ ಬಗೆ ಸರಳ. ನನ್ನ ಪ್ರೋಗ್ರಾಮು ತೂಕ, ಜಾತಿ, ದರಗಳನ್ನು ತಟ್ಟೆಯ ಮೇಲೆ ತಟ್ಟೆ ಇಟ್ಟಂತೆ ಒಂದು ಅಟ್ಟಿಯಲ್ಲಿ ಇಡುತ್ತದೆ. ಲುವಾ ಅವನ್ನೆತ್ತಿಕೊಂಡು ಲೆಕ್ಕ ಹಾಕಿ ಉತ್ತರವನ್ನು ಅದೇ ಅಟ್ಟಿಯಲ್ಲಿಡುತ್ತದೆ. ನಿಯಮಗಳಿರುವುದು ಸಾಧಾರಣ ಪಠ್ಯದ ಕಡತದಲ್ಲಿ. ಗುಮಾಸ್ತರು ತಿದ್ದಿ ಉಳಿಸಿದರೆ ಸಾಕು, ಮುಂದಿನ ಬಿಲ್ಲಿಗೆ ಹೊಸ ನಿಯಮ. ಯಾವ ಸೌಲಭ್ಯ ಕೊಡಬೇಕು, ಯಾವುದು ಬೇಡ ಎನ್ನುವುದು ನನ್ನ ಕೈಯಲ್ಲೇ ಇತ್ತು. ಕಡತ ಅಳಿಸುವ ಅಧಿಕಾರವನ್ನು ನಾನು ಕೊಡಲಿಲ್ಲ.

ಆದರೂ ಒಂದು ಸಂತೆಯ ದಿನ ಅವರು ಬರೆದ ಸುತ್ತು ಮುಗಿಯದೆ ತಿರುಗುತ್ತಲೇ ಇದ್ದು ಯಂತ್ರ ಕಲ್ಲಾಯಿತು. ಹೊರಗೆ ಗೋಣಿಗಳ ಸಾಲು. ಇಂತಿಷ್ಟು ಹೆಜ್ಜೆ ನಡೆದ ಮೇಲೆ ಲುವಾವನ್ನು ತಡೆದು ನಿಲ್ಲಿಸುವ ಏರ್ಪಾಡು ಆ ಭಾಷೆಯಲ್ಲೇ ಇದೆ. ನಾನು ಬಳಸಿರಲಿಲ್ಲ, ಅಷ್ಟೆ. ಅದನ್ನು ಸೇರಿಸಲು ಹೋದ ದಿನವೇ ಗುಮಾಸ್ತರು ಪರದೆಗೆ ಬೆರಳಿಟ್ಟು ಕೇಳಿದರು:

"ಈ 'ಫ್ಲೋರ್' ಅಂದ್ರೆ ಎಂಥದು ಮಾರಾಯ್ರೆ?"

"ಕಿಲೋ ಇಟ್ಟುಕೊಂಡು ಗ್ರಾಂ ಬಿಡುವುದು" ಎಂದೆ.

"ಬಿಡಲಿಕ್ಕೆ ಹೇಳಿದ್ದು ಯಾರು?"

ಯಾರೂ ಹೇಳಿರಲಿಲ್ಲ. ಶುರುವಿನಲ್ಲಿ ಕಡಿತ ಕಳೆದ ತೂಕವನ್ನು ಪೂರ್ಣಾಂಕದ ಜಾಗದಲ್ಲಿ ಇರಿಸಿದ್ದೆ. ಸಿ ಪ್ಲಸ್ ಪ್ಲಸ್ ಸದ್ದಿಲ್ಲದೆ ಬಿಂದುವಿನ ನಂತರದ್ದನ್ನು ಉದುರಿಸುತ್ತಿತ್ತು. ಲುವಾಕ್ಕೆ ತರುವಾಗ ಹಳೆಯ ಬಿಲ್ಲಿಗೆ ತಾಳೆಯಾಗಲೆಂದು ಅದನ್ನೇ 'ಫ್ಲೋರ್' ಎಂದು ಬರೆದೆ. 42 ಕಿಲೋ 600 ಗ್ರಾಂ ತಂದವನಿಗೆ 42 ಕಿಲೋದ ಹಣ. ಕಿಲೋಗೆ 200 ರೂಪಾಯಿ ಎಂದಿಟ್ಟುಕೊಂಡರೂ 120 ರೂಪಾಯಿ ಹೋಯಿತು. ಬೆಳೆಗಾರರು ಅದನ್ನು ಮಂಡಿಯ ಪದ್ಧತಿ ಎಂದುಕೊಂಡಿದ್ದರು, ಮಂಡಿಯವರು ಕಂಪ್ಯೂಟರಿನ ಪದ್ಧತಿ ಎಂದುಕೊಂಡಿದ್ದರು.

ಗುಮಾಸ್ತರು ಮಾಲಕರನ್ನು ಕರೆದು ತೋರಿಸಿದರು. ಮಾಲಕರು ಸ್ವಲ್ಪ ಹೊತ್ತು ಸುಮ್ಮನಿದ್ದು "ತೆಗೀರಿ" ಎಂದರು. ಆ ಪದವನ್ನು ಗುಮಾಸ್ತರೇ ಅಳಿಸಿದರು. ನಾನು ಮುಟ್ಟಬೇಕಾಗಲಿಲ್ಲ. ಮುಂದಿನ ಬಿಲ್ಲು ಗ್ರಾಂ ಸಮೇತ ಬಂತು.

ಹೊರಡುವಾಗ ಅವರು ಅಟ್ಟದತ್ತ ನೋಡಿದರು. ಹಳೆಯ ಬಿಲ್ಲುಗಳ ಕಟ್ಟು ಅಲ್ಲಿತ್ತು.

"ಅದೆಲ್ಲ ಒಮ್ಮೆ ಲೆಕ್ಕ ಹಾಕಲಿಕ್ಕೆ ಆಗ್ತದಾ?" ಎಂದರು.

ಬಸ್ಸು ಬಿಟ್ಟು ಆ ರಾತ್ರಿ ಅಲ್ಲೇ ಕುಳಿತೆ.