ಓಟವು ನಿಂತ ಊರು

ಕೆನಡಾ ದೇಶದ ಆಂಟೇರಿಯೋ ಪ್ರಾಂತದಲ್ಲಿ, ಸುಪೀರಿಯರ್ ಎಂಬ ಮಹಾಸರೋವರದ ವಾಯವ್ಯ ದಡದ ಮೇಲೆ, ಥಂಡರ್ ಬೇ ಎಂಬ ಪಟ್ಟಣವುಂಟು. ಸರೋವರವೆಂದ ಮಾತ್ರಕ್ಕೆ ವಾಚಕರು ನಮ್ಮ ಕೆರೆಗಳನ್ನು ನೆನೆಯಬಾರದು. ಇದರ ಹರವು ಸುಮಾರು 82,000 ಚದರ ಕಿಲೋಮೀಟರು; ಎಂದರೆ ಇಡೀ ಕರ್ನಾಟಕದ ಐದರಲ್ಲಿ ಎರಡು ಪಾಲಿಗೂ ಮಿಗಿಲು. ರೇವಿನಲ್ಲಿ ಪಶ್ಚಿಮದ ಬಯಲು ನಾಡಿನ ಗೋಧಿಯನ್ನು ಹಡಗಿಗೆ ತುಂಬಲು ಕಟ್ಟಿದ ಎತ್ತರವಾದ ಕಣಜಗಳಿವೆ. ನೀರಿನಾಚೆಗೆ ಒಂದು ಬಂಡೆಯ ಬೆಟ್ಟವು ಅಂಗಾತನಾಗಿ ಮಲಗಿದ ಮನುಷ್ಯನಂತೆ ತೋರುವುದು. ಜನರು ಅದನ್ನು ‘ಮಲಗಿದ ದೈತ್ಯ’ ಎಂದು ಕರೆಯುವರು; ಆ ನೆಲದ ಮೂಲನಿವಾಸಿಗಳಾದ ಓಜಿಬ್ವೆ ಜನರ ಕಥೆಯಂತೆ ಅವನು ಕಲ್ಲಾಗಿ ಹೋದ ನಾನಬಿಜು.

ಆದರೆ ಪೂರ್ವದಿಂದ ಹೆದ್ದಾರಿಯಲ್ಲಿ ಬರುವ ಪ್ರಯಾಣಿಕರು ಪಟ್ಟಣವನ್ನು ಸೇರುವ ಮೊದಲೇ ಒಂದು ದಿಣ್ಣೆಯ ಮೇಲೆ ಬಂಡಿ ನಿಲ್ಲಿಸುತ್ತಾರೆ. ಅಲ್ಲಿ ಒಂಬತ್ತು ಅಡಿ ಎತ್ತರದ ಕಂಚಿನ ವಿಗ್ರಹವಿದೆ. ಅರಸನದಲ್ಲ, ಸೇನಾಪತಿಯದೂ ಅಲ್ಲ. ಚಡ್ಡಿ ತೊಟ್ಟು ಓಡುತ್ತಿರುವ ಗುಂಗುರು ಕೂದಲಿನ ಹುಡುಗನೊಬ್ಬನದು; ಆತನ ಬಲಗಾಲು ಕೃತಕವಾದುದು. ಹೆಸರು ಟೆರಿ ಫಾಕ್ಸ್.

ಈತನು 1958ರಲ್ಲಿ ಹುಟ್ಟಿ, ದೇಶದ ಪಶ್ಚಿಮ ಕರಾವಳಿಯ ಪೋರ್ಟ್ ಕೋಕ್ವಿಟ್ಲಮ್ ಎಂಬಲ್ಲಿ ಬೆಳೆದನು. 1977ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಮೊಣಕಾಲಿನ ಬಳಿ ಎಲುಬಿನ ಕ್ಯಾನ್ಸರು ಕಾಣಿಸಿಕೊಂಡಿತು. ವೈದ್ಯರು ಬಲಗಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಬೇಕಾಯಿತು. ಬದುಕುವ ಸಂಭವವು ನೂರಕ್ಕೆ ಐವತ್ತೆಂದೂ, ಎರಡೇ ವರ್ಷಗಳ ಹಿಂದೆ ಅದು ಹದಿನೈದಾಗಿತ್ತೆಂದೂ ಅವರು ತಿಳಿಸಿದರು. ಈ ಎರಡು ಅಂಕಿಗಳ ನಡುವಣ ಅಂತರವು ಆ ಹುಡುಗನ ಮನಸ್ಸಿನಲ್ಲಿ ನಾಟಿತು. ಯಾರೋ ಹಣ ಕೊಟ್ಟರು, ಯಾರೋ ಸಂಶೋಧನೆ ನಡೆಸಿದರು. ಅದರಿಂದ ತಾನು ಉಳಿದೆನು. ಹದಿನಾರು ತಿಂಗಳ ಔಷಧೋಪಚಾರದ ಕಾಲದಲ್ಲಿ ವಾರ್ಡಿನಲ್ಲಿ ನರಳುವ ಮಕ್ಕಳನ್ನೂ ಆತನು ಕಂಡನು. ಕಾಲು ಕತ್ತರಿಸುವ ಹಿಂದಿನ ರಾತ್ರಿ, ಒಂಟಿಗಾಲಿನವನೊಬ್ಬನು ನ್ಯೂಯಾರ್ಕಿನ ಮ್ಯಾರಥಾನ್ ಓಡಿದ ಸುದ್ದಿಯನ್ನು ಓದಿದ್ದನು. ಇವೆಲ್ಲ ಸೇರಿ ಒಂದು ಸಂಕಲ್ಪವಾಯಿತು: ದೇಶದ ಈ ಕಡಲಿನಿಂದ ಆ ಕಡಲಿನವರೆಗೆ ಓಡಿ ಸಂಶೋಧನೆಗೆ ವಂತಿಗೆ ಕೂಡಿಸುವುದು. ತಾಯಿಯು ಮೊದಲು ಒಪ್ಪಲಿಲ್ಲ. ಯಾವ ತಾಯಿ ತಾನೆ ಒಪ್ಪುವಳು!

1980ರ ಏಪ್ರಿಲ್ 12ರಂದು, ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ರೇವಿನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದ ನೀರಿಗೆ ಅದ್ದಿ, ಆತನು ಹೊರಟನು. ಡಗ್ ಆಲ್ವರ್ಡ್ ಎಂಬ ಗೆಳೆಯನು ವ್ಯಾನು ನಡೆಸುತ್ತ ಜೊತೆಗೆ ಬಂದನು. ದಿನಕ್ಕೆ ಸುಮಾರು 42 ಕಿಲೋಮೀಟರು, ಅಂದರೆ ಒಂದು ಪೂರ್ಣ ಮ್ಯಾರಥಾನ್. ಮೈಸೂರಿನಿಂದ ಮಂಡ್ಯಕ್ಕೆ ಇರುವಷ್ಟು ದೂರ. ಅದೂ ಒಂದು ದಿನವಲ್ಲ, ದಿನದಿನವೂ. ಆ ಕಾಲದ ಕೃತಕ ಕಾಲು ಓಟಕ್ಕೆಂದು ಮಾಡಿದ್ದಲ್ಲ. ಅದರ ಸ್ಪ್ರಿಂಗು ಮತ್ತೆ ಸಜ್ಜಾಗುವ ತನಕ ಒಳ್ಳೆಯ ಕಾಲಿನ ಮೇಲೆ ಎರಡು ಸಲ ಕುಪ್ಪಳಿಸಬೇಕು, ಅನಂತರ ಕೃತಕ ಕಾಲನ್ನು ಊರಬೇಕು. ತೊಡೆಯ ಮೊಂಡು ತಿಕ್ಕಿ ತಿಕ್ಕಿ ಹುಣ್ಣಾಗಿ ರಕ್ತ ಸೋರುತ್ತಿತ್ತು.

ಮೊದಮೊದಲು ಕೇಳುವವರೇ ಇರಲಿಲ್ಲ. ಪೋರ್ಟ್ ಓ ಬಾಸ್ಕ್ ಎಂಬ ಚಿಕ್ಕ ರೇವುಪಟ್ಟಣದ ಹತ್ತು ಸಾವಿರ ಜನರು ತಲೆಗೊಂದರಂತೆ ಹತ್ತು ಸಾವಿರ ಡಾಲರು ಕೂಡಿಸಿಕೊಟ್ಟರು. ಅಂದಿನಿಂದ ಆತನ ಲೆಕ್ಕವೂ ಅದೇ ಆಯಿತು: 2 ಕೋಟಿ 40 ಲಕ್ಷ ಕೆನಡಿಗರು, ಒಬ್ಬೊಬ್ಬರಿಗೆ ಒಂದು ಡಾಲರು. ಫ್ರೆಂಚ್ ಮಾತಿನ ಕ್ವಿಬೆಕ್ ಪ್ರಾಂತದಲ್ಲಿ ಭಾಷೆ ಬಾರದ ಈ ಪಯಣಿಗರಿಗೆ ಹೆಚ್ಚಿನ ವಂತಿಗೆ ದೊರೆಯಲಿಲ್ಲ. ಜುಲೈ ತಿಂಗಳಲ್ಲಿ ಟೊರಾಂಟೋ ಮುಟ್ಟುವ ಹೊತ್ತಿಗೆ ಹತ್ತು ಸಾವಿರ ಜನರು ಚೌಕದಲ್ಲಿ ನೆರೆದಿದ್ದರು. ಆ ಒಂದೇ ದಿನ ಲಕ್ಷ ಡಾಲರು ಬಂದಿತು.

ಅಲ್ಲಿಂದ ಮುಂದೆ ಸುಪೀರಿಯರ್ ಸರೋವರದ ಉತ್ತರ ದಡದ ದಾರಿ. ನೋಡುವ ಕಣ್ಣಿಗೆ ರಮ್ಯ, ಓಡುವ ಕಾಲಿಗೆ ಕಠಿಣ. ಒಂದು ಕಡೆ ನೀಲಿ ನೀರು, ಇನ್ನೊಂದು ಕಡೆ ದೇವದಾರುವಿನಂತಹ ಮರಗಳ ಕಾಡು. ಏರಿ ಇಳಿದು, ಮತ್ತೆ ಏರುವ ರಸ್ತೆ. ಮಾಂಟ್ರಿಯಲ್ ನದಿಯ ಬಳಿಯ ಕಡಿದಾದ ಏರನ್ನು ಆತನು ನಿಲ್ಲದೆ ಹತ್ತಿದನಂತೆ. ದಾರಿಯುದ್ದಕ್ಕೂ ವೈದ್ಯಪರೀಕ್ಷೆಗಳನ್ನು ತಪ್ಪಿಸಿಕೊಂಡದ್ದೂ ಉಂಟು. ಅದನ್ನು ಮಾತ್ರ ಮೆಚ್ಚುವುದಕ್ಕಾಗದು.

ಸೆಪ್ಟೆಂಬರ್ 1ರಂದು, ಥಂಡರ್ ಬೇ ಪಟ್ಟಣವು ಇನ್ನು ಹತ್ತಿರವೆನ್ನುವಾಗ, ಕೆಮ್ಮು ಬಂದಿತು, ಎದೆ ನೋಯಹತ್ತಿತು. ಬದಿಯಲ್ಲಿ ನಿಂತ ಜನರು ಕೂಗಿ ಹುರಿದುಂಬಿಸುತ್ತಿದ್ದರು. ಅವರೆದುರಿಗೆ ನಿಲ್ಲಲಾರದೆ ಆತನು ಇನ್ನಷ್ಟು ದೂರ ಓಡಿದನು. ಜನರಿಲ್ಲದ ತಾವಿಗೆ ಬಂದ ಮೇಲೆ ವ್ಯಾನು ಹತ್ತಿ, ಆಸ್ಪತ್ರೆಗೆ ಕರೆದೊಯ್ಯೆಂದನು. ಕ್ಯಾನ್ಸರು ಶ್ವಾಸಕೋಶಕ್ಕೆ ಹಬ್ಬಿತ್ತು. 143 ದಿನಗಳಲ್ಲಿ 5,373 ಕಿಲೋಮೀಟರು ಓಡಿಯಾಗಿತ್ತು; ದಾರಿಯ ಮೂರನೆಯ ಒಂದು ಪಾಲು ಉಳಿಯಿತು.

1981ರ ಫೆಬ್ರವರಿಯಲ್ಲಿ ವಂತಿಗೆಯು 2 ಕೋಟಿ 40 ಲಕ್ಷ ಡಾಲರನ್ನು ದಾಟಿತು. ತಲೆಗೊಂದು ಡಾಲರಿನ ಲೆಕ್ಕವು ತೀರಿತು. ಆ ಸುದ್ದಿಯನ್ನು ಕೇಳಲು ಹುಡುಗನು ಇನ್ನೂ ಬದುಕಿದ್ದನು. ಜೂನ್ 28ರಂದು, ಇಪ್ಪತ್ತಮೂರು ತುಂಬಲು ಒಂದು ತಿಂಗಳಿರುವಾಗ, ತೀರಿಕೊಂಡನು.

ಓಟವು ಇಲ್ಲಿ ನಿಂತ ಮರುದಿನವೇ ಆತನಿಗೆ ಒಂದು ತಂತಿ ಬಂದಿತ್ತು. ಕಳುಹಿಸಿದವರು ಇಸಡೋರ್ ಶಾರ್ಪ್ ಎಂಬ ಹೊಟೇಲುಗಳ ಒಡೆಯರು. 1978ರಲ್ಲಿ ಅವರ ಮಗನೂ ಕ್ಯಾನ್ಸರಿಗೆ ತುತ್ತಾಗಿದ್ದನು. ಪ್ರತಿವರ್ಷವೂ ಟೆರಿಯ ಹೆಸರಿನಲ್ಲಿ ಓಟವನ್ನು ನಡೆಸುವೆವೆಂದು ಅವರು ಮಾತು ಕೊಟ್ಟರು. 1981ರ ಸೆಪ್ಟೆಂಬರಿನ ಮೊದಲ ಓಟಕ್ಕೇ ಮೂರು ಲಕ್ಷ ಜನರು ಬಂದರು. ಇಂದಿಗೂ ಅದು ಹಲವು ದೇಶಗಳಲ್ಲಿ ನಡೆಯುತ್ತಿದೆ. ಕೂಡಿದ ಹಣವು 85 ಕೋಟಿ ಡಾಲರನ್ನು ಮೀರಿದೆ. ಅದರಲ್ಲಿ ಗೆದ್ದವರಿಲ್ಲ, ಬಹುಮಾನವಿಲ್ಲ. ಓಡಲಾರದವರು ನಡೆಯಬಹುದು; ಮಕ್ಕಳ ತಳ್ಳುಗಾಡಿಯೂ ಬರಬಹುದು.

ಥಂಡರ್ ಬೇಯ ವಿಗ್ರಹವು 1982ರಲ್ಲಿ ಸ್ಥಾಪಿತವಾಯಿತು. ಪೀಠದ ಕಲ್ಲಿನಲ್ಲಿ ದೇಶದ ಎಲ್ಲ ಪ್ರಾಂತಗಳ ಲಾಂಛನಗಳಿವೆ. ಆತನ ಓಟವು ಮುಟ್ಟದೆ ಉಳಿದ ಪಶ್ಚಿಮದ ಪ್ರಾಂತಗಳವೂ ಅವುಗಳಲ್ಲಿವೆ. ವಿಗ್ರಹದ ಮುಖವೂ ಆ ಕಡೆಗೇ ಇದೆ. ನಿಪಿಗನ್ ಊರಿನಿಂದ ಇಲ್ಲಿಗೆ ಬರುವ 83 ಕಿಲೋಮೀಟರಿನ ಹೆದ್ದಾರಿಗೆ ಆತನ ಹೆಸರಿಟ್ಟಿದ್ದಾರೆ.